ಸಾಕ್ಷಿ ಹೇಳಿದ ಹುಡುಗಿ

ಕಾಮಸಮುದ್ರದ ಪಕ್ಕದ ಆ ಹಳ್ಳಿಯ ಸ್ಕೂಲಿನಲ್ಲಿ ಪುಷ್ಪ ಬಿಸಿಯೂಟದ ಅಡುಗೆಗೆ ಸೇರಿ ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅವಳು ತರಗತಿಯೊಳಗಿನ ಮಾತಿಗೆ ಕಿವಿಗೊಟ್ಟವಳಲ್ಲ. ಬೇಳೆ ಬೆಂದಿತೇ, ಹುಳಿ ಹೆಚ್ಚಾಯಿತೇ, ಕೊನೆಯ ತಟ್ಟೆಯವರೆಗೆ ಅನ್ನ ಸಾಲುತ್ತದೆಯೇ, ಇಷ್ಟರಲ್ಲೇ ಅವಳ ಹೊತ್ತು ಹೋಗುತ್ತಿತ್ತು. ಈ ವರ್ಷ ಬಂಗಾರಪೇಟೆಯಿಂದ ಲಿಖಿತ ಎನ್ನುವ ಹೊಸ ಟೀಚರು ಬಂದರು. ಅವರು ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಏಳನೇ ತರಗತಿಗೆ ಒಂದು ಕಥೆಪುಸ್ತಕವನ್ನು ಗಟ್ಟಿಯಾಗಿ ಓದತೊಡಗಿದರು. ಏಳನೇ ತರಗತಿಯ ಕಿಟಕಿಯ ಕೆಳಗೇ ಪಾತ್ರೆ ತೊಳೆಯುವ ಕಟ್ಟೆ ಇದ್ದುದರಿಂದ ಪುಷ್ಪಳಿಗೆ ಬೇಕಿರಲಿ ಬೇಡವಾಗಿರಲಿ ಕಥೆ ಕಿವಿಗೆ ಬೀಳುತ್ತಿತ್ತು.

ಪುಸ್ತಕ ಸ್ಕೂಲಿನ ಬೀರುವಿನ ತಳದಲ್ಲಿ ಸಿಕ್ಕಿದ್ದು. ರಟ್ಟು ಹೋಗಿತ್ತು, ಮೊದಲ ಹದಿನಾರು ಪುಟ ಹೋಗಿತ್ತು, ಹೆಸರೇನೆಂದು ಟೀಚರಿಗೂ ಗೊತ್ತಿರಲಿಲ್ಲ. ನೂರೈವತ್ತು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾರೋ ಕನ್ನಡಕ್ಕೆ ತಂದಿದ್ದರು. ಲಂಡನ್ನಿನಲ್ಲಿ ಅಪ್ಪ ಅಮ್ಮ ಇಲ್ಲದ ಒಬ್ಬ ಹುಡುಗಿ. ಬಡವರನ್ನು ಕೂಡಿಹಾಕುವ ಒಂದು ದೊಡ್ಡ ಕಲ್ಲಿನ ಮನೆಯಲ್ಲಿ ಬೆಳೆಯುತ್ತಾಳೆ. ಅವಳ ಜೊತೆಗೆ ಅವಳಂಥದೇ ಇನ್ನೊಂದು ತಬ್ಬಲಿ, ಕಡ್ಡಿಯಂಥ ಮೈಯವಳು. ಇಬ್ಬರನ್ನೂ ನದಿಯ ದಂಡೆಯ ಒಂದು ಬಟ್ಟೆ ಒಗೆಯುವ ಮನೆಗೆ ದುಡಿಯಲು ಕಳಿಸುತ್ತಾರೆ. ಆ ಮನೆಯ ಯಜಮಾನಿ ಹೊರಗೆ ಬಟ್ಟೆ ಒಗೆಸುತ್ತಾಳೆ, ಒಳಗೆ ಕದ್ದ ಮಾಲು ಕೊಳ್ಳುತ್ತಾಳೆ. ಇಂಗ್ಲಿಷ್ ಹೆಸರುಗಳು ಬಾಯಿಗೆ ಹತ್ತದೆ ಪುಷ್ಪ ಒಬ್ಬಳನ್ನು ಲಂಡನ್ ಹುಡುಗಿ ಎಂದೂ ಇನ್ನೊಬ್ಬಳನ್ನು ಸಣಕಲಿ ಎಂದೂ ಕರೆದುಕೊಂಡಳು.

"ಮೇಡಂ, ಲಂಡನ್ನಲ್ಲಿ ಬಿಸಿಯೂಟ ಇರ್ಲಿಲ್ವಾ?" ಎಂದು ಒಂದು ಶನಿವಾರ ಯಾರೋ ಕೇಳಿದರು. ಕಿಟಕಿಯ ಕೆಳಗೆ ಪುಷ್ಪಳಿಗೆ ನಗು ಬಂತು. ಆದರೆ ಮುಂದಿನ ಶನಿವಾರದ ಹೊತ್ತಿಗೆ ನಗುವಂಥದ್ದೇನೂ ಉಳಿದಿರಲಿಲ್ಲ. ಪೊಲೀಸರು ಆ ಮನೆಗೆ ನುಗ್ಗಿದರು. ಇಬ್ಬರು ಹುಡುಗಿಯರನ್ನೂ ಕೋರ್ಟಿಗೆ ಕರೆದೊಯ್ದರು. ಕದ್ದದ್ದು ಯಾರು ಎಂದು ನ್ಯಾಯಾಧೀಶರು ಕೇಳಿದಾಗ ಲಂಡನ್ ಹುಡುಗಿ ಬಾಯಿ ತೆರೆಯಲಾರದೆ ಕೈ ಎತ್ತಿ ಸಣಕಲಿಯ ಕಡೆ ತೋರಿಸಿದಳು. ಅಷ್ಟಕ್ಕೆ ಬೆಲ್ಲು ಹೊಡೆಯಿತು, ಟೀಚರು ಪುಸ್ತಕ ಮುಚ್ಚಿದರು.

ಪುಷ್ಪಳ ಕೈಯಲ್ಲಿ ತೆಂಗಿನ ನಾರು ಹಾಗೇ ಉಳಿದಿತ್ತು. ನಲ್ಲಿಯ ನೀರು ಅನ್ನದ ಪಾತ್ರೆ ತುಂಬಿ, ಕಟ್ಟೆಯ ಮೇಲೆ ಹರಿದು, ಅವಳ ಸೀರೆಯ ಅಂಚು ನೆನೆಸಿ ಅಂಗಳಕ್ಕೆ ಇಳಿದಿತ್ತು.

ಅದರ ಮುಂದಿನ ಶನಿವಾರ ಕ್ರೀಡಾಕೂಟ. ಅದರಾಚೆಯ ಶನಿವಾರ ಟೀಚರಿಗೆ ಟ್ರೈನಿಂಗು. ಪುಷ್ಪಳಿಗೆ ತಡೆಯಲಾಗಲಿಲ್ಲ. ಮೊಟ್ಟೆ ಹಂಚಿ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು.

"ಮೇಡಂ, ಆ ಪುಸ್ತಕ ಒಸಿ ಕೊಡ್ತೀರಾ?"

"ಯಾರಿಗೆ ಪುಷ್ಪಕ್ಕ? ಮನೇಲಿ ಓದೋರು ಇದ್ದಾರಾ?"

"ನಾನೇ ಓದ್ತೀನಿ. ನಾಕನೇ ಕ್ಲಾಸುಗಂಟ ಓಗಿದ್ದೆ."

ಲಿಖಿತ ಮೇಡಂ ಅವಳ ಮುಖ ನೋಡಿದರು, ಇನ್ನೇನೂ ಕೇಳದೆ ಪುಸ್ತಕ ತೆಗೆದುಕೊಟ್ಟರು.

ಓದು ಸುಲಭವಾಗಿರಲಿಲ್ಲ. ಅಕ್ಷರ ಗೊತ್ತು, ಒತ್ತು ಬಂದಲ್ಲಿ ನಾಲಿಗೆ ತೊಡರುತ್ತಿತ್ತು. ಬೆರಳಿಟ್ಟು, ಕೂಡಿಸಿ, ಒಂದು ಸಾಲು ಮುಗಿಸಿ ಮತ್ತೆ ಮೊದಲಿಂದ ಓದಿದರೆ ಅರ್ಥ ಕೈಗೆ ಹತ್ತುತ್ತಿತ್ತು. ಸ್ಕೂಲಿನಿಂದ ಬಂದವಳು ಹೊಲದ ಬದುವಿನ ಹುಣಸೆಮರದ ಕೆಳಗೆ ಕೂರುವಳು. ಗಂಡ ನಾಗರಾಜ್ ಕುರಿ ಮೇಯಿಸುತ್ತ ಆ ಕಡೆಗೇ ಬಂದು ಕೋಲಿಗೆ ಗಲ್ಲ ಊರಿ ನಿಲ್ಲುವನು. "ಆ ಉಡ್ಗಿ ಏನಾದ್ಲು?" ಎನ್ನುವನು. ಪುಷ್ಪ ಹೇಳುವಳು. ಸಣಕಲಿಯನ್ನು ಹಡಗು ಹತ್ತಿಸಿ ಎಲ್ಲೋ ದೂರದ ಸೀಮೆಗೆ ಕಳಿಸಿದರು ಎಂದಳು ಒಂದು ದಿನ. ಲಂಡನ್ ಹುಡುಗಿಗೆ ಶ್ರೀಮಂತ ಅಜ್ಜ ಒಬ್ಬ ಇದ್ದಾನೆಂದು ಗೊತ್ತಾಯಿತು ಎಂದಳು ಇನ್ನೊಂದು ದಿನ. "ಬುಡು, ಅಂಗಾರೆ ಅವ್ಳ ಕಷ್ಟ ಕಳೀತು," ಎಂದು ನಾಗರಾಜ್ ಕುರಿಗಳ ಹಿಂದೆ ಹೋದ.

ಕೊನೆಯ ಪುಟ ಮುಗಿಸಿದ ದಿನ ಪುಷ್ಪ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಲಂಡನ್ ಹುಡುಗಿ ದೊಡ್ಡವಳಾಗಿ, ರೇಷ್ಮೆ ಉಟ್ಟು, ತಾನು ಕೊಟ್ಟ ಸಾಕ್ಷಿ ಸುಳ್ಳು ಎಂದು ನ್ಯಾಯಾಧೀಶರಿಗೆ ಕಾಗದ ಬರೆಯುತ್ತಾಳೆ. ಉತ್ತರ ಬರುವ ಹೊತ್ತಿಗೆ ಸಣಕಲಿ ಸತ್ತು ಎರಡು ವರ್ಷ. ಲಂಡನ್ ಹುಡುಗಿ ಅವಳ ಹೆಸರಿನಲ್ಲಿ ಒಂದು ಕಲ್ಲು ನೆಡಿಸಿ, ಅತ್ತು, ಒಬ್ಬ ಒಳ್ಳೆಯ ಡಾಕ್ಟರನ್ನು ಮದುವೆಯಾಗುತ್ತಾಳೆ.

"ಇದೊಂದ್ ಮುಗ್ಸೋ ರೀತಿನಾ?" ಎಂದಳು ಪುಷ್ಪ.

ಕುರಿ ಹೊಡೆದುಕೊಂಡು ಬಂದ ನಾಗರಾಜನಿಗೆ ಅವಳ ಅಳುದನಿ ಕೇಳಿ ಆಶ್ಚರ್ಯವಾಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅಳುವುದನ್ನು ಅವನು ಎರಡೋ ಮೂರೋ ಸಲ ನೋಡಿದ್ದ. ಅವನು ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಆಗ ಪುಷ್ಪ, ಯಾರಿಗೂ ಹೇಳದೆ ಇದ್ದುದನ್ನು ಅವನಿಗೆ ಹೇಳಿದಳು.

ಮೂವತ್ತು ವರ್ಷದ ಹಿಂದಿನ ಮಾತು. ಅಪ್ಪ ಸತ್ತ ವರ್ಷ ಅವ್ವ ಅವಳನ್ನು ಸ್ಕೂಲು ಬಿಡಿಸಿ ರಾಬರ್ಟ್‌ಸನ್‌ಪೇಟೆಯ ಒಬ್ಬ ಕಬ್ಬಿಣದ ಅಂಗಡಿ ಸಾಹುಕಾರರ ಮನೆಗೆ ಕೆಲಸಕ್ಕೆ ಬಿಟ್ಟಿದ್ದಳು. ಆಗ ಪುಷ್ಪಳಿಗೆ ಹತ್ತು ವರ್ಷ. ಆ ಮನೆಯಲ್ಲಿ ಅವಳಿಗಿಂತ ಒಂದು ವರ್ಷ ದೊಡ್ಡವಳಾದ ಮಂಗಮ್ಮ ಮೊದಲೇ ಇದ್ದಳು. ಮಂಗಮ್ಮನಿಗೆ ತಂದೆ ತಾಯಿ ಇಬ್ಬರೂ ಇಲ್ಲ, ಸೋದರಮಾವ ದೊಡ್ಡವೆಂಕಟಪ್ಪ ತಂದು ಬಿಟ್ಟಿದ್ದ. ಅಡುಗೆಗೆ ನರಸಮ್ಮ ಎಂಬುವವರು ಉರಿಗಾಂನಿಂದ ಬಂದು ಹೋಗುತ್ತಿದ್ದರು. ಅವರ ಗಂಡ ಗಣಿಯಲ್ಲಿ ಕೆಲಸಕ್ಕಿದ್ದ. ಹುಡುಗಿಯರಿಬ್ಬರೂ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದರು. ಹಾಲು ಕಾಯಿಸಿದ ಪಾತ್ರೆಯ ತಳ ಕೆರೆದರೆ ಬರುವ ಗಸಿಯನ್ನು ಮಂಗಮ್ಮ ಎರಡು ಪಾಲು ಮಾಡುತ್ತಿದ್ದಳು. ದೊಡ್ಡ ಪಾಲು ಪುಷ್ಪಳಿಗೆ.

ಎರಡು ವರ್ಷ ಹೀಗೆ ಕಳೆದ ಮೇಲೆ ಒಂದು ಬೆಳಗ್ಗೆ ಸಾಹುಕಾರರ ಹೆಂಡತಿ ಅಮ್ಮಾವರ ಚಿನ್ನದ ಸರ ಕಾಣೆಯಾಯಿತು. ಅಮ್ಮಾವರು ಪುಷ್ಪಳ ಜುಟ್ಟು ಹಿಡಿದು ಗೋಡೆಗೆ ಒತ್ತಿ ಕೇಳಿದರು. "ನೀನಾ, ಅವಳಾ?"

ಹನ್ನೆರಡು ವರ್ಷದ ಹುಡುಗಿಗೆ ಆ ಪ್ರಶ್ನೆಯಲ್ಲಿ ಎರಡೇ ಬಾಗಿಲು ಕಂಡವು. "ಅವ್ಳು. ಬೀರು ತಾವ ನಿಂತಿದ್ಲು," ಎಂದಳು.

ಅವಳು ಏನನ್ನೂ ನೋಡಿರಲಿಲ್ಲ. ಮಂಗಮ್ಮನನ್ನು ಹೊಡೆದರು. ಸರ ಸಿಗಲಿಲ್ಲ. ಮಾವ ದೊಡ್ಡವೆಂಕಟಪ್ಪನನ್ನು ಕರೆಸಿದರೆ, ಕಳ್ಳಿಯನ್ನು ಮನೆಗೆ ಸೇರಿಸುವುದಿಲ್ಲ ಎಂದು ಅವನು ಬಾಗಿಲಲ್ಲೇ ಹೇಳಿ ಹೋದ. ಗತಿಯಿಲ್ಲದ ಹುಡುಗಿಯೆಂದು ಅವಳನ್ನು ಬಾಲಮಂದಿರಕ್ಕೆ ಸೇರಿಸಿದರು. ಆರು ತಿಂಗಳ ಮೇಲೆ ಹತ್ತಿ ಹಿಂಜುವವನು ಬಂದು ಹಿತ್ತಲಲ್ಲಿ ಹಳೇ ಹಾಸಿಗೆ ಬಿಚ್ಚಿದಾಗ ಹತ್ತಿಯ ನಡುವಿನಿಂದ ಸರ ಹೊರಬಂತು. ಅಮ್ಮಾವರು ಅದನ್ನು ತೊಳೆದು ಕೊರಳಿಗೆ ಹಾಕಿಕೊಂಡರು. ಪುಷ್ಪ ನೋಡುತ್ತಿದ್ದಾಳೆಂದು ಕಂಡು, "ಬಾಯಿ ಬಿಟ್ಟೀಯ ಜೋಕೆ," ಎಂದರು. ಅವಳು ಬಿಡಲಿಲ್ಲ.

"ಆಯಮ್ಮ ಈಗ ಎಲ್ಲವ್ಳೆ ಅಂತ ಗೊತ್ತಾ?" ನಾಗರಾಜ್ ಕೇಳಿದ.

ಗೊತ್ತಿತ್ತು. ಅದನ್ನು ಹೇಳುವುದೇ ಹೆಚ್ಚು ಕಷ್ಟವಾಯಿತು. ಆರು ವರ್ಷದ ಹಿಂದೆ ಬಂಗಾರಪೇಟೆ ರೈಲ್ವೆ ಸ್ಟೇಷನ್ ಹತ್ತಿರ ಒಂದು ತಳ್ಳುಗಾಡಿಯಲ್ಲಿ ಇಡ್ಲಿ ಮಾರುತ್ತಿದ್ದವಳನ್ನು ಪುಷ್ಪ ನೋಡಿದ್ದಳು. ಹುಬ್ಬಿನ ಮೇಲಿನ ಕಲೆಯಿಂದ ಗುರುತು ಹತ್ತಿತ್ತು. ಅಂದಿನಿಂದ ಬಂಗಾರಪೇಟೆಗೆ ಹೋದಾಗಲೆಲ್ಲ ಅವಳು ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದಳು.

ನಾಗರಾಜ್ ಕೋಲಿನಿಂದ ನೆಲ ಕೆದಕಿದ. ಆಮೇಲೆ, "ಆಯಮ್ಮ ಸಣಕಲಿಯಂಗೆ ಅಡಗು ಅತ್ತಿ ಓಗಿಲ್ವಲ್ಲ," ಎಂದ. "ಬಂಗಾರಪೇಟೆಲಿ ತಾನೆ ಅವ್ಳೆ."

ಆ ಗುರುವಾರ ಯಾವುದೋ ಜಯಂತಿಗೆ ರಜೆ ಇತ್ತು. ಪುಷ್ಪ ಬೆಳಗಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತ ಬಂದಳು. ಬಸ್ ಇಳಿದಾಗ ಒಂದೂ ನೆನಪಿರಲಿಲ್ಲ.

ಹತ್ತು ಗಂಟೆಯಾಗಿತ್ತು. ರೈಲಿಗೆ ಹೋಗುವವರ ಗದ್ದಲ ಇಳಿದಿತ್ತು. ಮಂಗಮ್ಮ ಗಾಡಿಯ ಹಲಗೆ ಒರೆಸುತ್ತಿದ್ದಳು. ಮೈ ತುಂಬಿಕೊಂಡಿದ್ದಳು, ಮುಂದಲೆ ನರೆತಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಹಾಗಲಕಾಯಿ ರಾಶಿ ಹಾಕಿಕೊಂಡು ಕೂತಿದ್ದ.

"ಎಷ್ಟ್ ಇಡ್ಲಿ ಆಕ್ಲಿ?" ತಲೆ ಎತ್ತದೆ ಕೇಳಿದಳು.

"ಮಂಗಿ," ಎಂದಳು ಪುಷ್ಪ.

ಕೈ ನಿಂತಿತು. ಮಂಗಮ್ಮ ಕಣ್ಣು ಕಿರಿದು ಮಾಡಿ ನೋಡಿದಳು, ಒರೆಸುವ ಬಟ್ಟೆ ಎಸೆದು ಗಾಡಿ ಸುತ್ತಿ ಬಂದಳು. "ಪುಷ್ಪಿ ಅಲ್ವೇನೇ? ನಮ್ ಪುಷ್ಪಿ," ಎಂದು ಅವಳ ಎರಡೂ ಕೆನ್ನೆಗೆ ಹಿಟ್ಟಿನ ಕೈ ಇಟ್ಟಳು. ಹಾಗಲಕಾಯಿ ಮುದುಕನ ಕಡೆ ತಿರುಗಿ, "ತಾತಾ, ಇವ್ಳು ನನ್ನ ತಂಗಿ ಇದ್ದಂಗೆ. ಒಂದೇ ಚಾಪೆ ನಮ್ದು," ಎಂದಳು. ಸ್ಟೂಲು ಎಳೆದು ಕೂರಿಸಿದಳು. ತಟ್ಟೆಗೆ ಮೂರು ಇಡ್ಲಿ ಹಾಕಿ ಚಟ್ನಿ ಸುರಿದಳು. ಮಕ್ಕಳೆಷ್ಟು, ಗಂಡ ಏನು ಮಾಡುತ್ತಾನೆ, ಯಾವ ಊರು, ಎಲ್ಲ ಒಂದೇ ಉಸಿರಿಗೆ ಕೇಳಿದಳು. ತನ್ನ ಗಂಡ ಸ್ಟೇಷನ್ ಮುಂದೆ ಹೂ ಮಾರುತ್ತಾನೆ, ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದಳು.

ಬೈಯುತ್ತಾಳೆಂದು ಗಟ್ಟಿ ಮಾಡಿಕೊಂಡು ಬಂದಿದ್ದ ಮನಸ್ಸು ಈ ಪ್ರೀತಿಗೆ ಸಿದ್ಧವಾಗಿರಲಿಲ್ಲ. ತಟ್ಟೆ ಮುಟ್ಟದೆ ಕೂತವಳು, "ಅವತ್ತು ಯೋಳ್ದೋಳು ನಾನು," ಎಂದಳು.

"ಏನು ಯೋಳ್ದೋಳು?"

"ಸರ. ನೀನು ಬೀರು ತಾವ ಇದ್ದೆ ಅಂತ. ಅಮ್ಮಾವ್ರು ನನ್ನ ಜುಟ್ಟು ಇಡ್ಕಂಡು ನೀನಾ ಅವ್ಳಾ ಅಂದ್ರು. ನಾನು ಅವ್ಳು ಅಂದೆ. ನಾನೇನೂ ನೋಡಿರ್ಲಿಲ್ಲ ಮಂಗಿ. ಆಮ್ಯಾಕೆ ಸರ ಆಸಿಗೇಲಿ ಸಿಕ್ತು. ಅದನ್ನೂ ಯಾರ್ಗೂ ಯೋಳ್ಲಿಲ್ಲ."

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದು ನಾಲ್ಕು ಇಡ್ಲಿ ಪಾರ್ಸಲ್ ಕೇಳಿದ. ಮಂಗಮ್ಮ ಎಲೆ ಹಾಸಿ, ಕಟ್ಟಿ, ಕೊಟ್ಟು ಕಳಿಸಿದಳು. ಅವನು ಹೋದ ಮೇಲೂ ಅವಳ ಕೈ ಪೇಪರ್ ಮಡಿಸುತ್ತಲೇ ಇತ್ತು.

"ನಾನು ನರಸಮ್ಮ ಅಂದ್ಕಂಡಿದ್ದೆ," ಎಂದಳು ಕೊನೆಗೆ. "ಅಡಿಗೆಮನೆಯೋರೇ ನೋಡವ್ರೆ ಅಂದ್ರು ಅಮ್ಮಾವ್ರು. ನೀನು ಅಂತ ನಂಗೆ ಒಂದ್ ದಿನಾನೂ ಒಳೀಲಿಲ್ಲ." ಮಡಿಸಿದ ಪೇಪರನ್ನು ಹಲಗೆಯ ಮೇಲಿಟ್ಟಳು. "ಆಯಮ್ಮ ಬಾಲಮಂದಿರಕ್ಕೆ ಮೂರ್ ಸಲ ಬಂದಿದ್ಲು. ಎರಡ್ ಸಲ ನಾನು ಆಚೆಗೇ ಬರ್ಲಿಲ್ಲ. ಮೂರ್ನೇ ಸಲ ಕಜ್ಜಾಯ ಮಾಡ್ಕಂಡು ಬಂದಿದ್ಲು. ಡಬ್ಬಿ ಇಸ್ಕಂಡು ಅವಳ ಮುಖಕ್ಕೇ ಎಸೆದೆ. ತುಟಿ ಒಡೀತು. ಒರೆಸ್ಕಂಡು ಓದ್ಲು."

ಪುಷ್ಪ ಸ್ಟೂಲಿನಿಂದ ಎದ್ದಳು. ಮಂಗಮ್ಮ ಅವಳ ಕಡೆ ನೋಡಲಿಲ್ಲ. "ಮೂವತ್ತು ವರ್ಷ ಒಬ್ಬ ಮುದುಕಿ ಮ್ಯಾಲೆ ಅಲ್ಲು ಕಡ್ದೆ. ಆ ಪಾಪಾನೂ ನಿಂದೇ," ಎಂದಳು. ದನಿ ಏರಿರಲಿಲ್ಲ. ಹಾಗಲಕಾಯಿ ಮುದುಕ ತನಗೇನೂ ಕೇಳದವನಂತೆ ರಸ್ತೆ ನೋಡುತ್ತಿದ್ದ.

ಪುಷ್ಪ ಬಸ್ ಸ್ಟ್ಯಾಂಡಿನ ಕಡೆ ನಾಲ್ಕು ಹೆಜ್ಜೆ ಇಟ್ಟಿರಬಹುದು. ಹಿಂದಿನಿಂದ ಕರೆ ಬಂತು.

"ಭಾನುವಾರ ಬಾ. ಒಂಬತ್ತೂವರೆಗೆ. ನರಸಮ್ಮನ ಮಗ ಕಾಂತರಾಜ ಆಟೋ ಓಡಿಸ್ತಾನೆ, ಉರಿಗಾಂನಲ್ಲೇ ಅವ್ರೆ. ನೀನು ಆಯಮ್ಮನ ಮುಂದೆ ಯೋಳ್ಬೇಕು."

"ಬತ್ತೀನಿ," ಎಂದಳು ಪುಷ್ಪ.

ಭಾನುವಾರ ಇಬ್ಬರೂ ಮಾರಿಕುಪ್ಪಂ ರೈಲು ಹತ್ತಿ ಎದುರುಬದುರು ಕೂತರು. ಬೆಮೆಲ್ ನಗರ ದಾಟುವವರೆಗೆ ಮಂಗಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, "ಇಷ್ಟ್ ವರ್ಷ ಸುಮ್ಕಿದ್ದೋಳು ಈಗ ಯಾಕ್ ಬಂದೆ?" ಎಂದು ಕೇಳಿದಳು. ಪುಷ್ಪ ಪುಸ್ತಕದ ಕಥೆ ಹೇಳಿದಳು. ಕಲ್ಲಿನ ಮನೆಯಿಂದ ಶುರುಮಾಡಿ ಡಾಕ್ಟರ ಮದುವೆಯವರೆಗೆ. ಮಂಗಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

"ಆ ಸಣಕಲಿನ ಸಾಯ್ಸೇ ಬುಟ್ರಾ?"

"ಊಂ."

"ಬರ್ದೋರ್ಗೆ ಸಾಯ್ಸೋದು ಸಲೀಸು," ಎಂದಳು ಮಂಗಮ್ಮ. "ಬದುಕಿ ವಾಪಸ್ ಬಂದಿದ್ರೆ ಅವ್ಳಿಗೆ ಏನ್ ಯೋಳ್ಬೇಕು ಅಂತ ಅವ್ರಿಗೇ ಗೊತ್ತಾಗ್ತಿರ್ಲಿಲ್ಲ."

ಕೋರಮಂಡಲ್ ದಾಟಿತು. ಗಣಿಯ ಸೈನೈಡ್ ಮಣ್ಣಿನ ದಿಬ್ಬಗಳ ಮೇಲೆ ಬಿಸಿಲು ಬಿದ್ದಿತ್ತು. ಉರಿಗಾಂನಲ್ಲಿ ಇಳಿದು, ಗಣಿಯವರ ಲೈನ್ ಮನೆಗಳ ನಡುವೆ ಇಬ್ಬರನ್ನು ಕೇಳಿ, ಆಟೋ ನಿಂತ ಮನೆಯ ಮುಂದೆ ಬಂದರು.

ನರಸಮ್ಮ ಬಾಗಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಎಂಬತ್ತರ ಮೇಲಾಗಿದ್ದರೂ ಕಣ್ಣು ಚೆನ್ನಾಗಿತ್ತು. ಇಬ್ಬರನ್ನೂ ನೋಡಿದ ಕೂಡಲೇ ಹೆಸರು ಹಿಡಿದು ಕರೆದರು. ಸೊಸೆಗೆ ಟೀ ಇಡಲು ಹೇಳಿದರು. ಮಂಗಮ್ಮ ಕೂರಲಿಲ್ಲ. ಪುಷ್ಪಳ ಭುಜ ಹಿಡಿದು ಮುಂದೆ ನಿಲ್ಲಿಸಿದಳು. ಪುಷ್ಪ ಗಾಡಿಯ ಮುಂದೆ ಹೇಳಿದ್ದನ್ನೇ ಮತ್ತೆ ಹೇಳಿದಳು.

ನರಸಮ್ಮ ಮೊರ ಪಕ್ಕಕ್ಕಿಟ್ಟರು.

"ನಂಗೊತ್ತಿತ್ತು ಅಮ್ಮಣ್ಣಿ," ಎಂದರು. "ಅಮ್ಮಾವ್ರು ನಿನ್ನ ಗೋಡೆಗೆ ಒತ್ಕಂಡಿದ್ದಾಗ ನಾನು ಇತ್ತಲ ಬಾಗ್ಲಲ್ಲೇ ನಿಂತಿದ್ದೆ. ನೀನ್ ಅಂದಿದ್ದು ಕೇಳ್ತು. ಮಂಗಿ ಬೆಳಿಗ್ಗೆಯಿಂದ ನನ್ನ ಜೊತೆ ಬಾವಿ ತಾವ ಇದ್ಲು ಅಂತ ನಾನು ಯೋಳ್ಬೋದಿತ್ತು. ಆಗ ನಮ್ಮ ಯಜಮಾನ್ರು ಗಣಿ ಧೂಳಿಗೆ ಎದೆ ಕೆಟ್ಟು ಮಲಗಿದ್ರು. ಆ ಮನೆ ಕೆಲಸ ಓದ್ರೆ ಮೂರು ಮಕ್ಳು ಉಪಾಸ. ಬಾಯ್ ಬಿಡ್ಲಿಲ್ಲ." ಆಮೇಲೆ ಮಂಗಮ್ಮನ ಕಡೆ ನೋಡಿ ಹೇಳಿದರು. "ಅದಕ್ಕೇ ಬಂದಿದ್ದು ಬಾಲಮಂದಿರಕ್ಕೆ. ನೀನು ಡಬ್ಬಿ ಎಸೆದಾಗ ಸರಿಯಾಗೇ ಎಸೆದ್ಲು ಅಂದ್ಕಂಡೆ. ಇವಳಿಗೆ ಅನ್ನೆರಡು ವರ್ಷ. ನಂಗೆ ಐವತ್ತಾಗಿತ್ತು."

ಪುಷ್ಪ ಮೊರದ ಪಕ್ಕ ಕೂತಳು. ಮೂವತ್ತು ವರ್ಷ ಇದು ತನ್ನೊಬ್ಬಳ ಹೊರೆ ಎಂದುಕೊಂಡಿದ್ದಳು. ಇನ್ನೊಬ್ಬರು ಅದರ ಅರ್ಧ ಹೊತ್ತಿದ್ದರೆಂದು ತಿಳಿದರೆ ಹಗುರಾಗಬೇಕಿತ್ತು. ಆಗಲಿಲ್ಲ. ಮಂಗಮ್ಮನ ಮುಖ ನೋಡಿ ಇನ್ನೂ ಭಾರವಾಯಿತು.

"ಇಬ್ರು ಇದ್ರಿ," ಎಂದಳು ಮಂಗಮ್ಮ. "ಅಡಿಗೆಮನೇಲಿ ಇಬ್ರು ಇದ್ರಿ. ಒಬ್ರೂ ಒಂದ್ ಮಾತು ಆಡ್ಲಿಲ್ಲ."

ಅವಳು ಹೊರಗೆ ಹೋದಳು. ಬೀದಿಯ ಕೊನೆಯ ನೀರಿನ ಟ್ಯಾಂಕಿನ ಹತ್ತಿರ ಬೆನ್ನು ಮಾಡಿ ನಿಂತಳು. ಸೊಸೆ ತಂದಿಟ್ಟ ಟೀ ಆರಿ ಕೆನೆ ಕಟ್ಟಿತು. ಪುಷ್ಪ ಎರಡು ಸಲ ಏಳಲು ಹೋದಳು, ನರಸಮ್ಮ ಎರಡು ಸಲವೂ ಅವಳ ಸೆರಗು ಹಿಡಿದು ಕೂರಿಸಿದರು. "ಅಳ್ಲಿ ಬುಡು. ಅವತ್ತು ಅಳೋಕೂ ಯಾರೂ ಬುಡ್ಲಿಲ್ಲ," ಎಂದರು.

ಬಹಳ ಹೊತ್ತಾದ ಮೇಲೆ ಮಂಗಮ್ಮ ಬಂದಳು. ಮುಖ ತೊಳೆದಿದ್ದಳು.

"ನಂಗೆ ನಿಮ್ಮ ಕಣ್ಣೀರು ಬ್ಯಾಡ," ಎಂದಳು. "ನಮ್ಮ ಮಾವನ ಊರ್ಗೆ ಬನ್ನಿ, ಇಬ್ರೂ. ಅಲ್ಲಿ ನಾಕ್ ಜನದ ಮುಂದೆ ಯೋಳಿ. ನಮ್ಮತ್ತೆ ಸತ್ತಾಗ್ಲೂ ನನ್ನ ಅಂಗಳಕ್ಕೆ ಸೇರಿಸ್ಲಿಲ್ಲ. ನನ್ ಮಗಳ್ನ ಕೇಳ್ಕಂಡು ಆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಕಳ್ಳಿ ಮಗಳು ಅಂತ ಯಾರೋ ಅಂದ್ರು, ಓಯ್ತು."

"ನಂಗೆ ಬಸ್ ಅತ್ತೋಕಾಗಲ್ಲ," ಎಂದರು ನರಸಮ್ಮ. ಒಳಗಿನಿಂದ ಕಾಂತರಾಜ್, ಅವನು ಇಷ್ಟೂ ಹೊತ್ತು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ, "ಆಟೋ ಐತಲ್ಲವ್ವ," ಎಂದ.

ಮುಂದಿನ ಭಾನುವಾರ ಆಟೋ ಕಾಮಸಮುದ್ರದ ರಸ್ತೆ ಹಿಡಿಯಿತು. ನರಸಮ್ಮನ ಬೆನ್ನಿಗೆ ಎರಡು ದಿಂಬು ಇಟ್ಟಿದ್ದರು. ಪುಷ್ಪ ಕಾಮಸಮುದ್ರದಲ್ಲಿ ಹತ್ತಿಕೊಂಡಳು. ದೊಡ್ಡವೆಂಕಟಪ್ಪನ ಊರು ಅವಳ ಊರಿಗೆ ಎರಡೇ ಮೈಲಿ. ಅಲ್ಲಿಯ ಮಕ್ಕಳೂ ಅವಳ ಅಡುಗೆ ಉಣ್ಣಲು ಈ ಸ್ಕೂಲಿಗೇ ನಡೆದು ಬರುತ್ತಿದ್ದರು. ಹಾಗಾಗಿ ಆ ಬೀದಿಯಲ್ಲಿ ಅವಳನ್ನು ತಿಳಿಯದವರಿರಲಿಲ್ಲ. ಆಟೋ ಇಳಿದ ಕೂಡಲೇ "ಪುಷ್ಪಕ್ಕ ಬಂದ್ಲು" ಎಂದು ಎಂಟು ಹತ್ತು ಮಕ್ಕಳು ಸುತ್ತಿಕೊಂಡವು. ಅವುಗಳ ಹಿಂದೆ ತಾಯಂದಿರೂ ಬಾಗಿಲಿಗೆ ಬಂದರು. ಈ ಮಕ್ಕಳ ಮುಂದೆ ಹೇಳಬೇಕಲ್ಲ ಎಂದು ಅವಳ ಕಾಲು ಒಂದು ಗಳಿಗೆ ಹಿಂದೇಟು ಹಾಕಿತು. ಮಂಗಮ್ಮ ಅದನ್ನು ನೋಡಿದಳು. ಒತ್ತಾಯ ಮಾಡಲಿಲ್ಲ, ಕಾದಳು.

ದೊಡ್ಡವೆಂಕಟಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬಂದವರಲ್ಲಿ ಯಾರು ಯಾರೆಂದು ತಿಳಿದ ಮೇಲೆ ಅವನ ಮುಖ ಬಿಗಿಯಿತು.

ಪುಷ್ಪ ಜಗಲಿಯ ಕೆಳಗೆ ನಿಂತು ಹೇಳಿದಳು. ಸಣ್ಣ ದನಿಯಲ್ಲಿ ಶುರುವಾದದ್ದು, ಹಿಂದಿನ ಸಾಲಿನವರು "ಏನಂತೆ?" ಎಂದು ಕೇಳಿದಾಗ ದೊಡ್ಡದಾಯಿತು. ಸರ ಕದ್ದವರು ಯಾರೂ ಇಲ್ಲ, ಅದು ಹಾಸಿಗೆಯಲ್ಲೇ ಇತ್ತು, ನಾನು ಏಟಿಗೆ ಹೆದರಿ ಸುಳ್ಳು ಹೇಳಿದೆ, ಮಂಗಮ್ಮ ಒಂದು ಸಾಸಿವೆ ಕಾಳನ್ನೂ ಮುಟ್ಟಿದವಳಲ್ಲ ಎಂದಳು. ನರಸಮ್ಮ ಆಟೋದಲ್ಲಿ ಕೂತಲ್ಲಿಂದಲೇ, "ಬೆಳಗಿಂದ ನನ್ ಜೊತೇಲಿದ್ಲು. ನಾನೂ ಬಾಯ್ ಮುಚ್ಕಂಡಿದ್ದೆ," ಎಂದರು.

ಸ್ಕೂಲಿನಲ್ಲಿ ದಿನಾ ಎರಡನೇ ಸಲ ಸಾರು ಕೇಳುವ ಒಬ್ಬ ಹುಡುಗಿ ಪುಷ್ಪಳನ್ನೇ ನೋಡುತ್ತಿದ್ದಳು. ಪುಷ್ಪ ಕಣ್ಣು ತಪ್ಪಿಸಲಿಲ್ಲ.

ದೊಡ್ಡವೆಂಕಟಪ್ಪ ಹಗ್ಗವನ್ನು ಸುತ್ತಿ ಪಕ್ಕಕ್ಕಿಟ್ಟ. "ನಾನು ಒಂದ್ ಮಾತು ಇವಳ್ನ ಕೇಳ್ಬೇಕಿತ್ತು," ಎಂದ. "ನೀನ್ ಕದ್ದೇನವ್ವ ಅಂತ. ಕೇಳ್ಲಿಲ್ಲ." ಸೊಸೆಯನ್ನು ಕರೆದು, "ನೀರು ಕೊಡು. ಒಳಕ್ಕೆ ಕರ್ಕಂಡೋಗು," ಎಂದ.

"ನೀರು ಸಾಕು," ಎಂದಳು ಮಂಗಮ್ಮ. ಚೊಂಬು ಎತ್ತಿ ಕುಡಿದಳು. "ನಮ್ಮವ್ವನ್ನ ಎಲ್ಲಿ ಮಣ್ ಮಾಡಿದ್ರಿ? ನಂಗೆ ನಾಕ್ ವರ್ಷ ಆಗ. ಗ್ಯಾನ ಇಲ್ಲ."

ಮುದುಕ ಕೋಲು ತೆಗೆದುಕೊಂಡ. ಊರಾಚೆ, ಅವರೆ ಹೊಲದ ಅಂಚಿನಲ್ಲಿ ಒಂದು ಹೊಂಗೆಮರ. ಅದರ ಬುಡದಿಂದ ಹತ್ತು ಹೆಜ್ಜೆ ಎಣಿಸಿ ನಿಂತು ಕೋಲಿನಿಂದ ತೋರಿಸಿದ. ಅಲ್ಲಿ ಕಲ್ಲೂ ಇರಲಿಲ್ಲ, ಗುರುತೂ ಇರಲಿಲ್ಲ. ಮುಳ್ಳು, ತುಂಬೆ, ಪಾರ್ಥೇನಿಯಂ ಬೆಳೆದಿತ್ತು. ಮಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು ಕಳೆ ಕೀಳತೊಡಗಿದಳು. ಸ್ವಲ್ಪ ಹೊತ್ತು ದೂರ ನಿಂತು ನೋಡಿದ ಪುಷ್ಪ ಬಂದು ಇನ್ನೊಂದು ಕಡೆಯಿಂದ ಕೀಳಲು ಕೂತಳು. ಬೇಡ ಎಂದು ಮಂಗಮ್ಮ ಅನ್ನಲಿಲ್ಲ. ಮುದುಕ ಮರಕ್ಕೆ ಒರಗಿ ನಿಂತಿದ್ದ. ಅವನ ಸೊಸೆ ಕೇಳದೆಯೇ ಕುಡುಗೋಲು ತಂದು ಇಟ್ಟು ಹೋದಳು.

ಕೈಗೆ ಮುಳ್ಳು ತರಚಿ, ನೆಲ ಕಾಣುವಷ್ಟು ಚೊಕ್ಕಟವಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ನರಸಮ್ಮನಿಗೆ ಸಾಕಾಗಿದೆ ಎಂದು ಕಾಂತರಾಜ್ ಅವರನ್ನು ಕರೆದುಕೊಂಡು ಹೊರಟಿದ್ದ. ನಾಲ್ಕರ ಬಸ್ಸು ರಸ್ತೆಯಲ್ಲಿ ಧೂಳೆಬ್ಬಿಸಿ ಹೋದದ್ದು ಹೊಲದಿಂದಲೇ ಕಂಡಿತು.

"ಮುಂದಿಂದು ಎಷ್ಟೊತ್ತಿಗೆ?" ಮಂಗಮ್ಮ ಕೇಳಿದಳು.

"ಆರ್ ಗಂಟೆ ಮ್ಯಾಲೆ."

"ನಿಮ್ಮೂರು ಎಷ್ಟ್ ದೂರ?"

"ನಡೆದ್ರೆ ಮುಕ್ಕಾಲ್ ಗಂಟೆ."

ಮಂಗಮ್ಮ ಸೀರೆಗೆ ಅಂಟಿದ ಮುಳ್ಳು ಒಂದೊಂದಾಗಿ ಕಿತ್ತಳು. "ನಡಿ," ಎಂದಳು. "ಒಸಿ ಟೀ ಕಾಸು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನಾನು." ಪುಷ್ಪ ದಾರಿ ತೋರಿಸಲು ಮುಂದೆ ನಡೆದಳು. ಬದುವು ಅಗಲವಾದ ಕಡೆ ಮಂಗಮ್ಮ ಬಂದು ಅವಳ ಪಕ್ಕ ಸೇರಿಕೊಂಡಳು.